ಬಸ್ಸಿಲ್ಲದ ತಾವೆಲಾ

ವೈಸೋಲಿ, ಸಮೋವಾ
ಆಗಸ್ಟ್ ೯

ಆಕ್ಲೆಂಡಿನ ಅಕ್ಕ ಎಪೆನೆಸಾಗೆ, ನಿನ್ನ ಕಿರಿಯ ತಮ್ಮನ ಪ್ರೀತಿ ಮುಟ್ಟಲಿ.

ಸೊಂಟದ ಆಪರೇಷನ್ ಆದವಳು ವಿಮಾನ ಹತ್ತಬಾರದೆಂದು ಡಾಕ್ಟರು ತಡೆದದ್ದೇ ಸರಿ. ಅಣ್ಣ ರೋಪಾತಿಯ ಮಣ್ಣಿಗೆ ನೀನು ಬರಲಿಲ್ಲವೆಂದು ಯಾರೂ ಆಡಿಕೊಳ್ಳಲಿಲ್ಲ. ಸಾವಿನ ಕಾಣಿಕೆಯಾಗಿ ಬಂದ ನಲವತ್ತೊಂದು ಚಾಪೆಗಳಲ್ಲಿ ನೀನು ಕಳಿಸಿದ್ದನ್ನೇ ಶವಪೆಟ್ಟಿಗೆಯ ಮೇಲೆ ಹೊದಿಸಿದೆವು.

ಫೋನಿನಲ್ಲಿ ಒಂದು ಮಾತು ಕೇಳಿದೆಯಲ್ಲ. ಚರ್ಚಿನ ಹಿರಿಯನಾಗಿ ಇಪ್ಪತ್ತು ವರ್ಷ, ಪಾಪ ಹೊತ್ತವರು ಮುಟ್ಟಬೇಡಿ ಎನ್ನುತ್ತ, ಊರಿಗೆಲ್ಲ ಪ್ರಸಾದದ ರೊಟ್ಟಿ ಹಂಚಿದ ಅಣ್ಣ ಜೂನಿನಲ್ಲೂ ಜುಲೈನಲ್ಲೂ ತಾನು ಮಾತ್ರ ಒಂದು ಚೂರೂ ಬಾಯಿಗಿಡಲಿಲ್ಲ, ಯಾಕೆ ಎಂದು. ಹಲ್ಲುನೋವು ಎಂದೆ. ಫೋನಿನಲ್ಲಿ ಹಲ್ಲುನೋವು ನಡೆಯುತ್ತದೆ, ಕಾಗದದಲ್ಲಿ ನಡೆಯುವುದಿಲ್ಲ.

ಪಿಸಿಲಾಳ ಗಂಡ ಸೆಮಿಸಿ ನನ್ನ ಬಸ್ಸಿನಡಿ ಸತ್ತದ್ದು ನಿನಗೆ ಗೊತ್ತು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬ್ರೇಕಿನ ಪಟ್ಟಿ ಬದಲಿಸಬೇಕಿದ್ದದ್ದು ಜನವರಿಯಲ್ಲಿ, ಅವನು ಸತ್ತದ್ದು ಮಾರ್ಚಿನಲ್ಲಿ. ಅದನ್ನು ಬಸ್ಸಿನ ರಿಪೇರಿ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆದಿಟ್ಟಿದ್ದೆ, ಆಮೇಲೆ ಆ ಪುಸ್ತಕ ಸಿಕ್ಕಲಿಲ್ಲ ಅನ್ನು. ಮೂರು ಮಕ್ಕಳನ್ನಿಟ್ಟುಕೊಂಡು ಅವಳು ವರ್ಷಗಟ್ಟಲೆ ಕಾದು, ಕಾಲಮಿತಿ ಮುಗಿಯಲು ಮೂರು ವಾರವಿದ್ದಾಗ ದಾವೆ ಹಾಕಿದಳು. ಅವಳ ಲಾಯರು ಪಟ್ಟಣದಲ್ಲಿ ಬೆಳೆದ ಹುಡುಗಿ. ಬಸ್ಸಿನ ಒಡೆಯ ಯಾರು ಎಂದು ಊರಲ್ಲಿ ಕೇಳಿದಾಗ ತಾವೆಲಾ ಎಂದರು. ಯಾವ ತಾವೆಲಾ ಎಂದು ಕೇಳಬೇಕೆಂದು ಅವಳಿಗೆ ಹೊಳೆಯಲಿಲ್ಲ. ತಾವೆಲಾ ಎಂಬ ಅಪ್ಪನ ಯಜಮಾನಿಕೆಯ ಪಟ್ಟದ ಹೆಸರನ್ನು ಕುಟುಂಬ ನಮ್ಮಿಬ್ಬರಿಗೂ ಒಂದೇ ದಿನ ಕೊಟ್ಟದ್ದು ಅವಳಿಗೇನು ಗೊತ್ತು? ಮನೆಯ ಹಿರಿಯ ತಾವೆಲಾನ ಹುಟ್ಟುಹೆಸರು ವಿಚಾರಿಸಿ, ‘ಬಸ್ಸಿನ ಒಡೆಯ ತಾವೆಲಾ ರೋಪಾತಿ’ ಎಂದು ಬರೆದುಬಿಟ್ಟಳು. ಜೀವಮಾನದಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದ, ಕೆಸುವಿನ ತೋಟವೇ ಪ್ರಪಂಚವಾಗಿದ್ದ ನಮ್ಮಣ್ಣ ಬಸ್ಸಿನ ಒಡೆಯನಾದ.

ಮಾರ್ಚ್ ಮೂರರಂದು ಕೋರ್ಟಿನ ಅಮೀನ ಬಂದು ತಾವೆಲಾ ಯಾರು ಎಂದ. ಅಣ್ಣ ಜಗಲಿಯಲ್ಲಿ ಕೂತಿದ್ದ. ಪಟ್ಟದ ಹೆಸರು ಹಿಡಿದು ಕರೆದಾಗ ನಾನಲ್ಲ ಎನ್ನುವ ಗಂಡಸು ನಮ್ಮಲ್ಲಿ ಉಂಟೇ? ದಾವೆಯ ಕಾಗದ ತೆಗೆದುಕೊಂಡ. ಕಾಲಮಿತಿ ಮುಗಿದದ್ದು ಮಾರ್ಚ್ ಇಪ್ಪತ್ತಕ್ಕೆ.

ಆ ಹುಡುಗಿಗೆ ತಪ್ಪು ತಿಳಿಯುವ ಹೊತ್ತಿಗೆ ಈಸ್ಟರ್ ಕಳೆದಿತ್ತು. ರೋಪಾತಿ ಎಂದಿರುವಲ್ಲಿ ನನ್ನ ಹುಟ್ಟುಹೆಸರು ಲಾಫೋಗಾ ಎಂದು ತಿದ್ದಲು ಅಪ್ಪಣೆ ಬೇಕು ಎಂದು ಅರ್ಜಿ ಹಾಕಿದಳು. ನನ್ನ ವಕೀಲ ಲೆಕ್ಕದ ಮನುಷ್ಯ. ಇಪ್ಪತ್ತನೇ ತಾರೀಖಿನೊಳಗೆ ಈ ದಾವೆ ನನ್ನ ಮೇಲಿನದೆಂದು ನನಗೆ ತಿಳಿದಿದ್ದರೆ ಹೆಸರು ತಿದ್ದುತ್ತಾರೆ, ತಿಳಿದಿರದಿದ್ದರೆ ಹೊಸಬನನ್ನು ಎಳೆದು ತಂದಂತಾಗುತ್ತದೆ, ಆಗ ತಿದ್ದುವುದಿಲ್ಲ ಎಂದ. ಇಷ್ಟು ಹೇಳಿ, “ನಿಮಗೆ ಯಾವಾಗ ತಿಳೀತು ಅಂತ ನಾನು ಕೇಳಲ್ಲ, ನೀವೂ ಹೇಳೋಕೆ ಹೋಗ್ಬೇಡಿ” ಎಂದು ಕನ್ನಡಕ ಒರೆಸಿಕೊಂಡ.

ಜೂನ್ ಮೊದಲ ವಾರ ವಿಚಾರಣೆ. ಈಸ್ಟರ್‌ಗೆ ಮುಂಚೆ ಆ ಕಾಗದ ನೋಡಿರಲಿಲ್ಲ ಎಂದು ನಾನು ಬೈಬಲ್ ಮುಟ್ಟಿ ಹೇಳಿದೆ. ಆಮೇಲೆ ಅಣ್ಣನನ್ನು ನಿಲ್ಲಿಸಿದರು. ಕಾಗದವನ್ನು ಯಾರಿಗೆ ತೋರಿಸಿದೆ ಎಂದು ನ್ಯಾಯಾಧೀಶರು ಕೇಳಿದರು. ಅಣ್ಣ ಬೈಬಲ್ಲನ್ನು ನೋಡಿದ. “ಯಾರಿಗೂ ತೋರಿಸ್ಲಿಲ್ಲ ಸ್ವಾಮಿ. ಪೆಟ್ಟಿಗೇಲಿ ಇಟ್ಟಿದ್ದೆ” ಎಂದ.

ಜುಲೈ ಇಪ್ಪತ್ತೈದಕ್ಕೆ ತೀರ್ಪು. ಬಸ್ಸು ಇಲ್ಲದವನ ಮೇಲೆ ದಾವೆ ನಿಲ್ಲುವುದಿಲ್ಲ, ಬಸ್ಸು ಇರುವವನ ಮೇಲೆ ಹಾಕಲು ಕಾಲ ಮೀರಿದೆ. ಸೆಮಿಸಿಯನ್ನು ಕೊಂದದ್ದು ಯಾರೂ ಅಲ್ಲ ಎಂದಾಯಿತು. ಹೊರಗೆ ಮಾವಿನ ಮರದಡಿ ಪಿಸಿಲಾ ನಮ್ಮ ಹತ್ತಿರ ಬಂದಳು. ಅಳಲಿಲ್ಲ, ಬಯ್ಯಲೂ ಇಲ್ಲ. “ಹೆಸರು ಹಂಚ್ಕೊಳ್ಳೋಕೆ ಇಬ್ಬರಿದ್ದೀರಿ, ತಪ್ಪು ಹೊತ್ಕೊಳ್ಳೋಕೆ ಒಬ್ಬನೂ ಇಲ್ವಲ್ಲ ತಾವೆಲಾ” ಎಂದಳು. ನನ್ನನ್ನು ನೋಡಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನೋಡಿದ್ದು ಅಣ್ಣನನ್ನು.

ನಾಲ್ಕನೇ ದಿನ ಕೆಸುವಿನ ತೋಟದಲ್ಲಿ ಬಿದ್ದಿದ್ದ. ಎದೆ ನಿಂತಿತ್ತು ಎಂದರು ಆಸ್ಪತ್ರೆಯಲ್ಲಿ. ನಿನಗೆ ಇನ್ನೇನು ಹೇಳಲಿ? ಸೊಂಟ ನೋಡಿಕೋ, ಮೆಟ್ಟಿಲು ಹತ್ತಬೇಡ. ಮಂಗಳವಾರದ ವಿಮಾನಕ್ಕೆ ಬರುವ ಪಾದ್ರಿಯವರ ಹೆಂಡತಿಯ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ತಾವೆಲಾ ಲಾಫೋಗಾ ಫಿಲಿಪೊ,
ವೈಸೋಲಿ ಬಸ್ಸಿನ ಒಡೆಯ

ತಾ.ಕ.: ದಾವೆಯ ಕಾಗದದ ಬಗ್ಗೆ ಮೇಲೆ ಬರೆದದ್ದು ಕೋರ್ಟಿಗೆ ಗೊತ್ತಿರುವಷ್ಟು. ಅಣ್ಣ ಆ ಕಾಗದವನ್ನು ಮಾರ್ಚ್ ಮೂರರ ಮಧ್ಯಾಹ್ನವೇ ನನ್ನ ಶೆಡ್ಡಿಗೆ ತಂದಿದ್ದ. ಇಂಗ್ಲಿಷ್ ಓದಲು ಬಾರದಿದ್ದರೂ ಬಸ್ಸಿನ ನಂಬರು ಗುರುತಿಸಿದ್ದ. “ಇದು ನಿಂದಲ್ವೇನೋ, ತಗೋ” ಎಂದ. ನಾನು ಎರಡು ಸಲ ಓದಿ, ಮಡಿಸಿ, ಅವನ ಜೇಬಿಗೇ ಇಟ್ಟೆ. “ನಿನ್ನ ಹೆಸರಲ್ಲಿ ಬಂದಿದೆ ಅಣ್ಣ, ನಿನ್ ಹತ್ರಾನೇ ಇರ್ಲಿ” ಎಂದೆ. ಕೋರ್ಟಿನಲ್ಲಿ ಹೀಗೆ ಹೇಳೆಂದು ನಾನು ಕೇಳಿಕೊಳ್ಳಲಿಲ್ಲ, ಏನು ಹೇಳಲೆಂದು ಅವನೂ ನನ್ನನ್ನು ಕೇಳಲಿಲ್ಲ. ಅವನು ಬದುಕಿರುವ ತನಕ ಇದನ್ನು ಬಾಯಿಬಿಟ್ಟರೆ ಅವನನ್ನೂ ಸುಳ್ಳುಗಾರನನ್ನಾಗಿ ಮಾಡಿದಂತೆ ಎಂಬ ಒಂದು ನೆವ ನನಗಿತ್ತು. ಈಗ ಅದೂ ಇಲ್ಲ. ಪಿಸಿಲಾಳ ತಂಗಿ ನಿಮ್ಮ ಚರ್ಚಿನಲ್ಲೇ ಹಾಡುತ್ತಾಳಲ್ಲ. ಮೇಲಿನ ಕೋರ್ಟಿಗೆ ಹೋಗಲು ಪಿಸಿಲಾಳಿಗೆ ಇನ್ನು ಹದಿಮೂರು ದಿನ ಇದೆ. ಈ ಕಾಗದವನ್ನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ, ಹರಿಯಬೇಡ ಎಂದಷ್ಟೇ. ಈ ವಾರ ಎರಡು ಸಲ ಪಿಸಿಲಾಳ ಮನೆ ಬಾಗಿಲ ತನಕ ಬಸ್ಸು ತೆಗೆದುಕೊಂಡು ಹೋಗಿದ್ದೆ. ಅವಳು ಬಾಗಿಲಿಗೆ ಬಂದು ನೋಡಿದಳು. ನಾನು ಇಳಿಯಲಿಲ್ಲ.