ಡಬ್ಬಿಯಲ್ಲಿ ಇಲ್ಲದ ವಾಗ್ದಾನ

ಮಾರ್ಚ್ 4, ಬೆಳಿಗ್ಗೆ 5.30
ಎಂದಿನಂತೆ ಡಬ್ಬಿ. ಅಮ್ಮ ಕಣ್ಣು ಮುಚ್ಚಿ ಒಂದು ಕಾರ್ಡ್ ಎಳೆದಳು. ಮುಚ್ಚುವುದು ಬರೀ ಶಾಸ್ತ್ರಕ್ಕೆ. ಪೊರೆ ಬಂದು ಎರಡು ವರ್ಷ, ತೆರೆದರೂ ಅಕ್ಷರ ಕಾಣುವುದಿಲ್ಲ. ಓದುವ ಕೆಲಸ ನನ್ನದು. ಇನ್ನೂರು ಕಾರ್ಡು, ಒಂದೊಂದರಲ್ಲೂ ದೇವರ ಒಂದು ವಾಗ್ದಾನ. ಇವತ್ತಿನದು — ಕೊರತೆ ಬಾರದು. ಬೂಟು ಹಾಕುತ್ತಿದ್ದ ಅಣ್ಣ, "ಹಾಗಾದ್ರೆ ತೂತಿಲ್ಲದ ಒಂದು ಜೊತೆ ಸಾಕ್ಸ್ ಬರ್ಲಿ" ಅಂದ. ಅಮ್ಮ ಬೆನ್ನಿಗೆ ಗುದ್ದಿದಳು. ಅವನು ಸಾರುವೆ ಹತ್ತಿ ಗೋಡೆಗೆ ಬಣ್ಣ ಹೊಡೆಯಲು, ನಾನು ಲಾಂಡ್ರಿಗೆ.
ಆಮೆನ್ ಅನ್ನಲಿಲ್ಲ. ನಂಬದೆ ಅನ್ನಲು ಬರುವುದಿಲ್ಲ. ಪರೀಕ್ಷೆಯಲ್ಲಿ ಹೊಡೆಯದ ಕಾಪಿಗೆ ಕ್ಷಮೆ ಕೇಳು ಎಂದಿದ್ದಕ್ಕೇ ಒಂಬತ್ತನೇ ಕ್ಲಾಸ್ ಬಿಟ್ಟವಳು ನಾನು.

ಮಾರ್ಚ್ 6, ಬೆಳಿಗ್ಗೆ 7
ನಿನ್ನೆ ಸಾರುವೆ ಕುಸಿಯಿತು. ಅಣ್ಣ ಮೂರನೇ ಮಹಡಿಯಿಂದ... ಪ್ರಜ್ಞೆ ಇಲ್ಲ. ಬಲಗಾಲು ನುಜ್ಜುಗುಜ್ಜು. ಐಸಿಯು ಹೊರಗೆ ಬೆಂಚು. ಅಮ್ಮ ಡಬ್ಬಿಯನ್ನೂ ತಂದಿದ್ದಾಳೆ. ಕಾರ್ಡ್ ಎಳೆದಳು. "ಓದೇ."
ಅದರಲ್ಲಿದ್ದದ್ದು: ನೀರನ್ನು ದಾಟುವಾಗ ನಿನ್ನ ಜೊತೆ ಇರುತ್ತೇನೆ. ಇಷ್ಟೇ. ಜೊತೆಗಿದ್ದು ಏನು ಮಾಡುತ್ತಾನೆ? ಅಮ್ಮನ ಗದ್ದ ನಡುಗುತ್ತಿತ್ತು. ಬಾಯಿಗೆ ಬಂದದ್ದನ್ನು ಓದಿಬಿಟ್ಟೆ — "ನಿನ್ನ ಮಗನು ತನ್ನ ಎರಡು ಕಾಲುಗಳ ಮೇಲೆ ಮನೆಗೆ ಬರುವನು."
"ಇಷ್ಟು ವರ್ಷ ಈ ಕಾರ್ಡು ನನ್ನ ಕೈಗೆ ಬಂದೇ ಇರ್ಲಿಲ್ಲ ನೋಡು" ಅಂದಳು. ಅಂದು, ಅತ್ತಳು. ಕಾರ್ಡು ನನ್ನ ಜೇಬಿಗೆ.

ಮಾರ್ಚ್ 9, ಮಧ್ಯಾಹ್ನ 12
ಬರೆಯಲು ನಾಚಿಕೆ. ಅಮ್ಮ ಆ ವಾಗ್ದಾನವನ್ನು ಎಲ್ಲರಿಗೂ ಹೇಳಿದ್ದಾಳೆ. ನರ್ಸ್‌ಗೆ, ವಾಚ್‌ಮನ್‌ಗೆ. ಪಾಸ್ಟರ್, "ಅದು ಯಾವ ಅಧ್ಯಾಯ?" ಎಂದು ನನ್ನ ಕಡೆ ನೋಡಿದರು. ನೀರು ತರಲು ಎದ್ದು ಹೋದೆ.
ಈಗ ಕಾಲಿನ ನಂಜು ಮೇಲೇರುತ್ತಿದೆ. ಡಾಕ್ಟರ್ ಹೇಳಿದರು: "ಮಂಡಿ ಮೇಲಕ್ಕೆ ಕಾಲು ತೆಗೀಬೇಕು. ಮೂರು ಗಂಟೆ ಒಳಗೆ. ಇಲ್ಲಾಂದ್ರೆ ಜೀವ ಉಳಿಯಲ್ಲ."
ಅಮ್ಮ ಫಾರಂ ಹಿಂದಕ್ಕೆ ತಳ್ಳಿದಳು. "ಎರಡು ಕಾಲು ಅಂತ ಮಾತು ಕೊಟ್ಟಿದ್ದಾನೆ ಡಾಕ್ಟ್ರೇ. ಮಾತಿಗೆ ತಪ್ಪೋನಲ್ಲ."
ನನ್ನ ಸಹಿ ನಡೆಯುವುದಿಲ್ಲ. ನನಗಿನ್ನೂ ಹದಿನೇಳು.

1.15
ಅಮ್ಮ ಪ್ರಾರ್ಥನೆ ಮಾಡುತ್ತಿದ್ದಾಳೆ. "ಕರ್ತನೇ, ನೀನೇ ಹೇಳಿದ್ದು, ನೆನಪು ಮಾಡ್ಕೋ." ಹೇಳದವನಿಗೆ ಎಲ್ಲಿಯ ನೆನಪು? ಜೇಬಿನ ಕಾರ್ಡನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ. ಸತ್ಯವಂತೆಯಂತೆ ನಾನು.

2.20
ಹೇಳಿದೆ. "ಅಂಥ ಕಾರ್ಡೇ ಇಲ್ಲಮ್ಮ. ನಾನು ಕಟ್ಟಿದ್ದು."
ಹೊಡೆದಿದ್ದರೆ ಚೆನ್ನಾಗಿತ್ತು. ಅಮ್ಮ, "ಕೊಡದ ಮಾತಿಗೆ ಮೂರು ದಿನದಿಂದ ಕರ್ತನ ಕುತ್ತಿಗೆ ಹಿಡಿದು ಕೂತಿದ್ದೆನಲ್ಲೇ" ಅಂದಳು. "ನಿಜವಾಗಿ ಏನಿತ್ತು?"
ಜೇಬಿನಿಂದ ತೆಗೆದು ಓದಿದೆ. ಇನ್ನೊಮ್ಮೆ ಓದಿಸಿದಳು. ಕಾರ್ಡನ್ನು ಬೆರಳಲ್ಲಿ ಸವರಿದಳು.
"ನೀರೇ ಇರಲ್ಲ ಅಂದಿಲ್ಲ ಅಲ್ವಾ."
"ಇಲ್ಲ."
"ಪೆನ್ ಕೊಡು."
ಅವಳ ಬೆರಳನ್ನು ಗೆರೆಯ ಮೇಲೆ ನಾನೇ ಇಟ್ಟೆ. ಸಹಿ ಗೆರೆ ದಾಟಿ ಸೊಟ್ಟಗೆ ಹೋಯಿತು.

2.50
ಥಿಯೇಟರ್ ಬಾಗಿಲು ಮುಚ್ಚಿತು. ಕೆಂಪು ದೀಪ.
"ಇವತ್ತು ನೀನು ಪ್ರಾರ್ಥನೆ ಮಾಡು. ಕಾರ್ಡಲ್ಲಿ ಇರೋದನ್ನ ಹಿಡ್ಕೊಂಡು ಕೇಳು."
"ನಂಗೆ ನಂಬಿಕೆ ಇಲ್ಲಮ್ಮ."
"ಅದನ್ನೂ ಹೇಳು. ಅವನ ಹತ್ರನೂ ಸುಳ್ಳು ಓದ್ಬೇಡ."
ಮಾಡಿದೆ. ಕಾಲು ಕೇಳಲಿಲ್ಲ. ಒಳಗೆ ಅಣ್ಣನ ಜೊತೆ ಇರು, ಇರ್ತೀನಿ ಅಂದಿದ್ದೀಯ — ಅಷ್ಟೇ. ನಂಬಿಕೆ ಸಾಲದು ಎಂದೂ ಹೇಳಿದೆ. ನನಗೆ ಗೊತ್ತಾಗುವ ಮೊದಲೇ ಆಮೆನ್ ಬಾಯಿಂದ ಬಂತು.

5.20
ದೀಪ ಆರಿತು. ಬಲಗೈ ಅಮ್ಮನ ಹಿಡಿತದಲ್ಲಿ, ಎಡಗೈಯಲ್ಲಿ ಬರೆಯುತ್ತಿದ್ದೇನೆ. "ಯಾರೇ ಬಂದಿದ್ದು? ಮುಖ ಹೇಗಿದೆ?" ಅನ್ನುತ್ತಿದ್ದಾಳೆ. ಡಾಕ್ಟರ್ ಮಾಸ್ಕ್ ಇಳಿಸುತ್ತಿದ್ದಾರೆ. ಏನೇ ಇರಲಿ, ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದುತ್ತೇನೆ.