ಶುಗರ್ ಇಲ್ಲದವನ ಗುಳಿಗೆ

ಸಿರಿಗೇರಿ

ಚಿರಂಜೀವಿ ಶಾಂಭವಿಗೆ ಸೋದರಮಾವನ ಆಶೀರ್ವಾದ.

ಬ್ರೂಸ್‌ಪೇಟೆಯ ನಿನ್ನ ಮೆಡಿಕಲ್ ಅಂಗಡಿಯಿಂದ ಅತ್ತೆಯ ಹೆಸರು ಹೇಳಿ ಒಯ್ಯುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ನುಂಗುವವನು ನಾನೇ. ನನಗೆ ಶುಗರ್ ಇಲ್ಲ. ಅದು ಮುಪ್ಪನ್ನು ತಡೆಯುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳುತ್ತಿದ್ದ. ತಡೆಯುವುದೇನು ಬಂತು, ಹಿಂದಕ್ಕೇ ಓಡಿಸಿದೆ. ತಲೆಗೂದಲು ಕಪ್ಪಾಗಿದೆ. ಸಿರುಗುಪ್ಪದ ಬಸ್ಸಿನಲ್ಲಿ ಕಂಡಕ್ಟರ್, "ಏ ತಮ್ಮಾ, ಆ ಮುದುಕಪ್ಪಗ ಸೀಟು ಬಿಡು" ಅಂದ. ಆ ಮುದುಕಪ್ಪ ನನ್ನ ಜೊತೆ ಶಾಲೆಯಲ್ಲಿ ಓದಿದ ಜೋಗಪ್ಪ.

ತೊಂದರೆ ಒಂದೇ. ನನ್ನನ್ನು ಕಂಡರೆ ನಿನ್ನ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ.

"ಯಾರು ಬೇಕಾಗಿತ್ತು ತಮ್ಮಾ?"

"ನಾನು ನಿನ್ನ ಗಂಡ ಅದೀನಿ ಲೇ."

"ಚ್ಯಾಷ್ಟಿ ಮಾಡಬ್ಯಾಡ. ಅವರು ಒಳಗ ಮಲಗ್ಯಾರ, ಮೆಲ್ಲಕ ಮಾತಾಡು."

ನಾನು ನಕ್ಕೆ. ಆಗ ಒಳಕೋಣೆಯಿಂದ ನನ್ನದೇ ಕೆಮ್ಮು ಕೇಳಿಸಿತು. ಅವಳು ಚೊಂಬಿನಲ್ಲಿ ನೀರು ಒಯ್ದಳು. ಹೊರಗೆ ಬಂದಾಗ ಚೊಂಬು ಖಾಲಿಯಾಗಿತ್ತು.

ನಾಳೆ ಮೊದಲ ಬಸ್ಸಿಗೆ ಬಾ. ಗುಳಿಗೆ ತರಬೇಡ. ನಿನ್ನ ಮಾವ ಯಾರೆಂದು ಅತ್ತೆಗೆ ನೀನೇ ಹೇಳಬೇಕು. ಆ ಕೋಣೆಯ ಬಾಗಿಲು ತೆರೆಯಲು ನನಗೆ ಧೈರ್ಯವಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಒಳಗೆ ಹೋಗಿ ನೋಡುವ ಮೊದಲು ನನ್ನನ್ನು ಒಮ್ಮೆ "ಮಾವಾ" ಎಂದು ಕರೆ.

ಇಂತಿ ನಿನ್ನ
ಗವಿಸಿದ್ದಪ್ಪ ಮಾವ