ಬನವಾಸಿಯಲ್ಲಿ ಬೇರು ಬಳಗ

ಬನವಾಸಿ, ಮಂಗಳವಾರ

ದೊಡ್ಡಮ್ಮನಿಗೆ ಇಂಚರಳ ನಮಸ್ಕಾರ.

ನಮ್ಮ ವಾದ್ಯತಂಡಕ್ಕೆ ‘ಬೇರು ಬಳಗ’ ಎಂದು ಹೆಸರಿಟ್ಟದ್ದೇ ತಪ್ಪಾಯಿತು. ಬ್ಲೂಸ್, ಜಾಜ್ ಕೇಳಲು ಜನ ಬಂದರೆಂದು ಹಿಗ್ಗಿದರೆ, ನಮ್ಮನ್ನು ಬೇರುರೋಗದ ತಜ್ಞರೆಂದುಕೊಂಡು ಎಲ್ಲರೂ ಕೊಳೆತ ಶುಂಠಿ ತಂದು ವೇದಿಕೆಯ ಮೇಲಿಟ್ಟರು.

“ಬೇರು ಕೊಳಿಯಾಕ ಹತ್ತೈತ್ರಿ, ಏನ್ ಹಾಕೋಣ್ರಿ?” ಎಂದು ನಾಗಿ ಎಂಬ ರೈತ ಹೆಂಗಸು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು. ನಾನು ಸ್ಯಾಕ್ಸೊಫೋನಿನಲ್ಲಿ ನೋವು ತೋಡಿಕೊಳ್ಳುವ ಒಂದು ಬ್ಲೂಸ್ ಹಾಡು ನುಡಿಸಿದೆ. ಅವರು ಪೂರ್ತಿ ಕೇಳಿ, “ನಮ್ಮ ಸಂಕಟ ನಿಮಗ ಬರೋಬ್ಬರಿ ತಿಳದೈತ್ರಿ. ಈಗ ಔಷಧ ಹೇಳ್ರಿ” ಎಂದರು.

ನಮ್ಮ ಡ್ರಮ್ಮರ್ ಫರಾಜ್ ಗಾಬರಿಯಲ್ಲಿ, “ನೀರು ನಿಲ್ಲಬಾರದು” ಎಂದುಬಿಟ್ಟ. ಹಾಗಾಗಿ ಬೆಳಗಿನಿಂದ ನಾವೆಲ್ಲ ನಾಗಿಯವರ ಹೊಲದಲ್ಲಿ ಕಾಲುವೆ ತೋಡುತ್ತಿದ್ದೇವೆ. ಅಂಗೈ ತುಂಬ ಬೊಬ್ಬೆ, ಊಟ ಮಾತ್ರ ಭರ್ಜರಿ.

ನಾಳೆ ನಮ್ಮ ಕಾರ್ಯಕ್ರಮವಿರುವ ಸಿದ್ದಾಪುರದ ಆಯೋಜಕರು ಇಲ್ಲಿಯ ಸುದ್ದಿ ಕೇಳಿ ಈಗಷ್ಟೇ ಫೋನ್ ಮಾಡಿದ್ದರು: “ನಾಳೆ ವಾದ್ಯ ಇಲ್ದಿದ್ರೂ ಅಡ್ಡಿಲ್ಲೆ, ಗುದ್ದಲಿ ತಗಂಡು ಬನ್ನಿ.”

ಅವಸರದಲ್ಲಿ,
ಇಂಚರ